ಪಿಸ್ಟೋರಿಯಸ್ ಜನಪ್ರಿಯರು, ಸರಿ. ಜರ್ಮನಿಯ ಸೇನೆ ಎಲ್ಲಿಗೆ ಬಂತು?

ಕಡತಪ್ರಿಯ:
ಜರ್ಮನಿಯ ರಕ್ಷಣಾ ಸಚಿವ ಬೋರಿಸ್ ಪಿಸ್ಟೋರಿಯಸ್ ಅವರು 2023ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಕೆಲವೇ ತಿಂಗಳಲ್ಲಿ ಅಲ್ಲಿನ ಜನಾಭಿಪ್ರಾಯ ಸಮೀಕ್ಷೆಗಳ ಮೇಲ್ತುದಿಗೆ ಏರಿದವರು, ಆಮೇಲೂ ಬಹುಕಾಲ ಅಲ್ಲೇ ಉಳಿದವರು. 2025ರ ಫೆಬ್ರವರಿಯ ಚುನಾವಣೆಯಲ್ಲಿ ಅವರ ಎಸ್‌ಪಿಡಿ ಪಕ್ಷ ಶೇ 16.4ರಷ್ಟು ಮತಗಳಿಗೆ ಕುಸಿಯಿತು. ಆದರೂ ಆಗಿನ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಶೋಲ್ಜ್ ಅವರ ಸಂಪುಟದಲ್ಲಿದ್ದ ಆ ಪಕ್ಷದ ಸಚಿವರ ಪೈಕಿ, ಚುನಾವಣೆಯ ಬಳಿಕ ಚಾನ್ಸಲರ್ ಆದ ಮೆರ್ಜ್ ಅವರ ಮೈತ್ರಿ ಸಂಪುಟದಲ್ಲೂ ಮುಂದುವರಿದವರು ಇವರೊಬ್ಬರೇ. ನನಗೆ ಅರ್ಥವಾಗದಿರುವುದು ಬೇರೆ. ಇವರು ಬಂದಾಗ ಸುಮಾರು 1,83,000 ಇದ್ದ ಸೈನಿಕರ ಸಂಖ್ಯೆ 2024ರ ಕೊನೆಗೆ 1,81,000ಕ್ಕೆ ಇಳಿದಿತ್ತು. ಹಾಗಾದರೆ ಜನ ಮೆಚ್ಚಿದ್ದು ಇವರ ಕೆಲಸವನ್ನೋ, ಮಾತನ್ನೋ?

ಹಳೆಪತ್ರಿಕೆ:
ಮಾತನ್ನೇ ಎಂದು ಒಪ್ಪಿಕೊಳ್ಳೋಣ. ಆದರೆ ಆ ಮಾತಿಗೆ ಬೆಲೆ ಏಕೆ ಬಂತೆಂಬುದನ್ನು ತಿಳಿಯಲು ಅದಕ್ಕೂ ಮೊದಲಿನ ಸ್ಥಿತಿಯನ್ನು ನೋಡಬೇಕು. 2014ರಲ್ಲಿ ನಾರ್ವೆಯಲ್ಲಿ ನಡೆದ ನ್ಯಾಟೋ ತಾಲೀಮಿನಲ್ಲಿ ಜರ್ಮನ್ ಸೈನಿಕರು ತಮ್ಮ ಬಾಕ್ಸರ್ ಕವಚವಾಹನದ ಮೇಲೆ ಮೆಷಿನ್ ಗನ್ನಿನ ನಳಿಕೆ ಇರಬೇಕಾದ ಜಾಗದಲ್ಲಿ ಪೊರಕೆಯ ಕೋಲಿಗೆ ಕಪ್ಪು ಬಣ್ಣ ಬಳಿದು ಕಟ್ಟಿದ್ದರು. ಆ ವಾಹನಕ್ಕೆ ಬಂದೂಕಿನ ಅಗತ್ಯವೇ ಇರಲಿಲ್ಲ ಎಂದು ಸಚಿವಾಲಯ ಸಮಜಾಯಿಷಿ ಕೊಟ್ಟಿತು, ಆ ಮಾತು ಬೇರೆ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದ ದಿನವೇ, ತಾವು ಮುನ್ನಡೆಸುತ್ತಿರುವ ಪಡೆ ಹೆಚ್ಚುಕಡಿಮೆ ಬರಿಗೈಯಲ್ಲಿ ನಿಂತಿದೆ ಎಂದು ಭೂಸೇನೆಯ ಮುಖ್ಯಸ್ಥ ಆಲ್ಫೋನ್ಸ್ ಮೈಸ್ ಬಹಿರಂಗವಾಗಿ ಬರೆದುಕೊಂಡರು. ಅದಕ್ಕೆ ತಿಂಗಳ ಹಿಂದೆಯಷ್ಟೇ ಆಗಿನ ಸಚಿವೆ ಕ್ರಿಸ್ಟೀನೆ ಲಾಂಬ್ರೆಖ್ಟ್ ಉಕ್ರೇನಿಗೆ 5,000 ಶಿರಸ್ತ್ರಾಣಗಳನ್ನು ಘೋಷಿಸಿ ನಗೆಪಾಟಲಿಗೆ ಈಡಾಗಿದ್ದರು.

ಅವರ ಜಾಗಕ್ಕೆ ಬಂದವರು ಓಸ್ನಾಬ್ರೂಕ್ ನಗರದ ಮೇಯರ್ ಆಗಿದ್ದು, ಬಳಿಕ ಸುಮಾರು ಹತ್ತು ವರ್ಷ ಲೋವರ್ ಸ್ಯಾಕ್ಸನಿ ರಾಜ್ಯದ ಗೃಹಸಚಿವರಾಗಿ ಪೊಲೀಸರ ನಡುವೆ ಓಡಾಡಿದ್ದ, ಯೌವನದಲ್ಲಿ ಕಡ್ಡಾಯ ಸೇನಾಸೇವೆಯನ್ನೂ ಮುಗಿಸಿದ್ದ ಮನುಷ್ಯ. 2023ರ ಅಕ್ಟೋಬರಿನಲ್ಲಿ ಅವರು ಜರ್ಮನಿ ‘ಯುದ್ಧಸಮರ್ಥ’ವಾಗಬೇಕು ಎಂದರು. ಎರಡು ಮಹಾಯುದ್ಧಗಳ ನೆನಪು ಹೊತ್ತ ಆ ದೇಶದಲ್ಲಿ ರಾಜಕಾರಣಿಗಳು ಸುತ್ತುಬಳಸಿ ದಾಟುತ್ತಿದ್ದ ಮಾತು ಅದು. ಸ್ವಪಕ್ಷದವರೇ ಹುಬ್ಬುಗಂಟಿಕ್ಕಿದರು, ಜನ ಮಾತ್ರ ಕೈಬಿಡಲಿಲ್ಲ.

ಲೆಕ್ಕದಮನೆ:
ಮೇಲಿನವರ ಚಿತ್ರಣ ಸರಿಯಾಗಿದೆ. ಆದರೆ ಆ ಜನಪ್ರಿಯತೆ ಹಣಕಾಸು ಸಚಿವಾಲಯದ ಬಾಗಿಲಲ್ಲಿ ನಡೆಯಲಿಲ್ಲ ಎಂಬುದನ್ನು ಮರೆಯಬಾರದು. 2025ರ ಬಜೆಟ್ಟಿಗೆ ಅವರು ಹೆಚ್ಚುವರಿಯಾಗಿ ಕೇಳಿದ್ದು ಸುಮಾರು 670 ಕೋಟಿ ಯೂರೋ, 2024ರ ಜುಲೈನ ಕರಡಿನಲ್ಲಿ ಸಿಕ್ಕಿದ್ದು ಸುಮಾರು 120 ಕೋಟಿ. ರಷ್ಯಾದ ದಾಳಿಯ ಬೆನ್ನಲ್ಲೇ ಶೋಲ್ಜ್ ಘೋಷಿಸಿದ್ದ 10,000 ಕೋಟಿ ಯೂರೋಗಳ ವಿಶೇಷ ನಿಧಿ ಇವರಿಗಿಂತ ಮೊದಲಿನದು. ನಿಜವಾದ ಅಣೆಕಟ್ಟು ತೆರೆದದ್ದು 2025ರ ಮಾರ್ಚಿನಲ್ಲಿ. ಒಟ್ಟು ದೇಶೀಯ ಉತ್ಪನ್ನದ ಶೇ 1ಕ್ಕಿಂತ ಮೇಲಿನ ರಕ್ಷಣಾ ವೆಚ್ಚವನ್ನು ಸಾಲಮಿತಿಯಿಂದ, ಅಂದರೆ ಸರ್ಕಾರ ಮಾಡಬಹುದಾದ ಸಾಲಕ್ಕೆ ಸಂವಿಧಾನ ಹಾಕಿರುವ ಮಿತಿಯಿಂದ, ಹೊರಗಿಡುವ ಸಂವಿಧಾನ ತಿದ್ದುಪಡಿ ಆಗ ಆಯಿತು, ಮತ್ತು ಅದನ್ನು ಸಾಧ್ಯವಾಗಿಸಿದ್ದು ಚುನಾವಣೆಯ ತನಕ ಸಾಲಮಿತಿಯ ಪರ ನಿಂತಿದ್ದ ಮೆರ್ಜ್ ಅವರ ಮನಃಪರಿವರ್ತನೆ.

ಪಿಸ್ಟೋರಿಯಸ್ ಅವರ ಸ್ವಂತ ಕೆಲಸವನ್ನು ಹುಡುಕುವುದಾದರೆ ಕೋಬ್ಲೆಂಜ್ ನಗರದಲ್ಲಿರುವ ಸೇನೆಯ ಖರೀದಿ ಕಚೇರಿಯತ್ತ ನೋಡಬೇಕು. ಅಲ್ಲಿನ ಮುಖ್ಯಸ್ಥರನ್ನು ಬದಲಾಯಿಸಿದರು, ಎಲ್ಲಕ್ಕಿಂತ ಸಮಯವೇ ಮುಖ್ಯ ಎಂದು 2023ರ ಏಪ್ರಿಲಿನಲ್ಲಿ ಆದೇಶ ಹೊರಡಿಸಿದರು. ಎರಡೂವರೆ ಕೋಟಿ ಯೂರೋ ದಾಟುವ ಪ್ರತಿಯೊಂದು ಒಪ್ಪಂದವೂ ಸಂಸತ್ತಿನ ಬಜೆಟ್ ಸಮಿತಿಯ ಮುಂದೆ ಹೋಗಲೇಬೇಕೆಂಬ ಪದ್ಧತಿಯಿದ್ದರೂ ಕಡತಗಳು ಮೊದಲಿಗಿಂತ ಬೇಗ ಸಾಗಿದವು. ಹಾಗೆಂದು ಎಡವಟ್ಟು ನಿಲ್ಲಲಿಲ್ಲ. ಹೊಸ ಡಿಜಿಟಲ್ ರೇಡಿಯೋಗಳಿಗೆ ಆರ್ಡರ್ ಕೊಟ್ಟಾದ ಮೇಲೆ, ಅವನ್ನು ಸಾವಿರಾರು ಹಳೆಯ ವಾಹನಗಳೊಳಗೆ ಕೂರಿಸುವ ಕೆಲಸದ ಬಗ್ಗೆ ಸಾಕಷ್ಟು ಮೊದಲೇ ಯೋಚಿಸಿರಲಿಲ್ಲವೆಂಬುದು 2023ರಲ್ಲಿ ಹೊರಬಿತ್ತು.

ಬೇಲಿಯಾಚೆ:
ಹಣ, ಕಡತಗಳೆರಡೂ ಸರಿಹೋದರೂ ಆಳುಗಳು ಎಲ್ಲಿಂದ ಬರಬೇಕು? ಪ್ರಶ್ನೆ ಕೇಳಿದವರು ಕೊಟ್ಟ ಅಂಕಿಗಳ ಮೂಲ ಇಲ್ಲಿದೆ. 2011ರಲ್ಲಿ ಕಡ್ಡಾಯ ಸೇವೆಯನ್ನು ಅಮಾನತಿನಲ್ಲಿಟ್ಟಾಗ ಯುವಕರನ್ನು ಕರೆಸುವುದಷ್ಟೇ ನಿಲ್ಲಲಿಲ್ಲ. ಅವರ ಹೆಸರು ಬರೆದುಕೊಂಡು, ದೇಹಪರೀಕ್ಷೆ ನಡೆಸಿ, ಯಾರು ಯಾವ ಕೆಲಸಕ್ಕೆ ಒದಗುತ್ತಾರೆಂದು ಗುರುತಿಸಿಡುತ್ತಿದ್ದ ಜಿಲ್ಲಾ ಕಚೇರಿಗಳನ್ನು ಮರುವರ್ಷವೇ ಮುಚ್ಚಲಾಯಿತು. ಹತ್ತು ವರ್ಷ ಕಳೆದು ಅಗತ್ಯ ಬಿದ್ದಾಗ ಸರ್ಕಾರದ ಬಳಿ ಪಟ್ಟಿಯೇ ಇರಲಿಲ್ಲ.

ಆದ್ದರಿಂದ 2025ರ ಡಿಸೆಂಬರಿನಲ್ಲಿ ಜರ್ಮನಿಯ ಸಂಸತ್ತಾದ ಬುಂಡೆಸ್‌ಟಾಗ್ ಒಪ್ಪಿದ ಸೇನಾಸೇವಾ ಕಾನೂನನ್ನು ನಾನು ಪಟ್ಟಿ ಕಟ್ಟುವ ಕಾನೂನೆಂದೇ ಓದುತ್ತೇನೆ. 2008 ಮತ್ತು ಅನಂತರ ಹುಟ್ಟಿದ ಗಂಡುಮಕ್ಕಳು ಪ್ರಶ್ನಾವಳಿಯನ್ನು ತುಂಬಲೇಬೇಕು, ಹಂತಹಂತವಾಗಿ ದೇಹಪರೀಕ್ಷೆಗೂ ಹೋಗಬೇಕು. ಹೆಣ್ಣುಮಕ್ಕಳಿಗೆ ಅದು ಐಚ್ಛಿಕ. ಸೇವೆಗೆ ಸೇರುವುದು ಮಾತ್ರ ಸದ್ಯಕ್ಕೆ ಅವರವರ ಇಚ್ಛೆ, ಸೇರಿದವರಿಗೆ ತಿಂಗಳಿಗೆ ಸುಮಾರು 2,600 ಯೂರೋ ಸಂಬಳ. ಸಾಕಷ್ಟು ಜನ ಬಾರದಿದ್ದರೆ ಕಡ್ಡಾಯಗೊಳಿಸಲು ಸಂಸತ್ತು ಮತ್ತೊಮ್ಮೆ ಮತ ಹಾಕಬೇಕು. ಕಾನೂನಿಗೆ ಮೊದಲು, ಆ ವರ್ಷದ ಅಕ್ಟೋಬರಿನಲ್ಲಿ, ಯುವಕರನ್ನು ಚೀಟಿ ಎತ್ತಿ ಆರಿಸುವ ರಾಜಿಸೂತ್ರವನ್ನು ಸರ್ಕಾರದ ಎರಡೂ ಮಿತ್ರಪಕ್ಷಗಳ ಸಂಸದರು ಮುಂದಿಟ್ಟಾಗ ಪಿಸ್ಟೋರಿಯಸ್ ವಿರೋಧಿಸಿದರು. ಕರೆದಿದ್ದ ಪತ್ರಿಕಾಗೋಷ್ಠಿ ಕೊನೆಗಳಿಗೆಯಲ್ಲಿ ರದ್ದಾಯಿತು. ನನ್ನ ದೃಷ್ಟಿಯಲ್ಲಿ ಅವರು ಅಲ್ಲಿ ಎಡವಿದರು. ಲಿಥುವೇನಿಯಾದಲ್ಲಿ 2027ರೊಳಗೆ ಸುಮಾರು 4,800 ಸೈನಿಕರ ಬ್ರಿಗೇಡನ್ನು ಕಾಯಂ ಆಗಿ ನಿಲ್ಲಿಸುವುದಾಗಿ ಮಾತು ಕೊಟ್ಟ ಸಚಿವರು, ಮನೆಮಕ್ಕಳನ್ನು ಕಳಿಸಿಕೊಡಿ ಎಂದು ಮತದಾರರಿಗೆ ನೇರವಾಗಿ ಹೇಳುವ ಹೊತ್ತಿಗೆ ಹಿಂಜರಿದರು.

ಕಡತಪ್ರಿಯ:
ಮೂವರಿಗೂ ಧನ್ಯವಾದಗಳು. ಪಟ್ಟಿಯೇ ಇರಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಆದರೆ ಬೇಲಿಯಾಚೆಯವರೇ, ಹಿಂಜರಿದರು ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ತರಬೇತಿ ಕೊಡುವವರೂ ಮಲಗಲು ಬ್ಯಾರಕ್ಕುಗಳೂ ಸಾಲದಿರುವಾಗ ಲಕ್ಷ ಯುವಕರನ್ನು ಒಮ್ಮೆಗೇ ಕರೆಸಿ ಅವರು ಎಲ್ಲಿ ಇರಿಸುತ್ತಿದ್ದರು?

ಬೇಲಿಯಾಚೆ:
ಅದು ನ್ಯಾಯವಾದ ಆಕ್ಷೇಪ. ‘ಹಿಂಜರಿದರು’ ಎಂಬುದನ್ನು ‘ಮುಂದೂಡಿದರು’ ಎಂದು ತಿದ್ದಿಕೊಳ್ಳುತ್ತೇನೆ. ಆದರೂ ಬ್ಯಾರಕ್ಕುಗಳ ಕೊರತೆ 2023ರಲ್ಲೇ ಅವರ ಕಣ್ಣೆದುರಿಗಿತ್ತಲ್ಲ.