ಹೊಳೆ ಬತ್ತಿದಾಗ ಗಾಳಕ್ಕೆ ಮೀನು ಹೆಚ್ಚು ಬೀಳುವುದೇಕೆ?

ಪ್ರಶ್ನೆ (ಹಿರಿಯಡ್ಕ):
ಸ್ವರ್ಣಾ ನದಿಯಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕುವವನು ನಾನು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹರಿವು ನಿಂತು, ಬಜೆ ಅಣೆಕಟ್ಟಿನ ಮೇಲ್ಭಾಗದ ಗುಂಡಿಗಳಲ್ಲಷ್ಟೇ ನೀರು ಉಳಿದಾಗ ಕೊರವ ಮೀನು ಬಹಳ ಸುಲಭವಾಗಿ ಸಿಗುತ್ತದೆ. ಮರುವರ್ಷ ಅದೇ ಜಾಗದಲ್ಲಿ ದೊಡ್ಡ ಮೀನೇ ಕಾಣುವುದಿಲ್ಲ. ಇದಕ್ಕೆ ಕಾರಣವೇನು? ಹಿಡಿದು ಮರಳಿ ಬಿಟ್ಟರೂ ಹಾನಿಯಾಗುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಬಂಟ್ವಾಳ):
ಮೀನು ಹೆಚ್ಚಿರುವುದಿಲ್ಲ, ಒಂದೆಡೆ ಒತ್ತಿಕೊಂಡಿರುತ್ತದೆ ಅಷ್ಟೆ. ಹೊಳೆಯುದ್ದಕ್ಕೂ ಹರಡಿದ್ದ ಮೀನುಗಳೆಲ್ಲ ನಾಲ್ಕಾರು ಗುಂಡಿಗಳನ್ನು ಸೇರಿದಾಗ ನಿಮ್ಮ ಗಾಳಕ್ಕೂ, ನೀರುನಾಯಿಗೂ, ತೋಟೆ ಸಿಡಿಸುವ ದುರುಳರಿಗೂ ಸಮಾನವಾಗಿ ಸಿಗುತ್ತವೆ. ಒಂದು ಲೀಟರ್ ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ಬಿಸಿ ಏರಿದಂತೆ ಮೀನಿಗೆ ಬೇಕಾಗುವ ಆಮ್ಲಜನಕವಾದರೋ ಹೆಚ್ಚುತ್ತಲೇ ಹೋಗುತ್ತದೆ. ಕೊರವ ಮತ್ತು ಮುಗುಡು ಮೇಲೆ ಬಂದು ಗಾಳಿ ನುಂಗಿ ಬದುಕಬಲ್ಲವು, ಗೆಂಡೆ ಜಾತಿಗೆ ಆ ಅನುಕೂಲವಿಲ್ಲ. ಕೊನೆಕೊನೆಗೆ ನಿಮಗೆ ಕೊರವವೇ ಸಿಗುವುದು ಇದರಿಂದ.

2019ರ ಬೇಸಿಗೆಯಲ್ಲಿ ಬಜೆಯ ನೀರು ತಳ ಕಂಡಾಗ ಮೇಲಿನ ಗುಂಡಿಗಳ ನೀರನ್ನೂ ಪಂಪ್ ಮಾಡಿ ಉಡುಪಿಗೆ ಒದಗಿಸಬೇಕಾಯಿತು. ಕುಡಿಯುವ ನೀರಿನ ಮುಂದೆ ಮೀನಿನ ವಾದ ನಿಲ್ಲುವುದಿಲ್ಲ, ನಿಜ. ಆದರೂ ಮೀನಿಗೆ ಉಳಿದಿದ್ದ ಆಸರೆ ಆ ಗುಂಡಿಗಳೇ ಆಗಿದ್ದವು. ಮುಂಗಾರಿನ ಮೊದಲ ನೀರಿಗೆ ತೋಡು, ಗದ್ದೆಗಳತ್ತ ಹತ್ತಿ ಮೊಟ್ಟೆಯಿಡಬೇಕಾದ ಮೀನು ಮೇ ತಿಂಗಳಲ್ಲೇ ಸಾರಿಗೆ ಹೋದರೆ ಮರುವರ್ಷ ದೊಡ್ಡ ಮೀನು ಎಲ್ಲಿಂದ ಬರಬೇಕು?

ಉತ್ತರ (ಬೆಳ್ತಂಗಡಿ):
ಹಿಡಿದು ಬಿಡುವ ಬಗ್ಗೆ ಒಂದು ಮಾತು. ಅಮೆರಿಕದ ಮೊಂಟಾನಾದಲ್ಲಿ ಬರದ ಬೇಸಿಗೆಯಲ್ಲಿ ನೀರು ಬಿಸಿಯಾದರೆ ಮಧ್ಯಾಹ್ನ 2ರಿಂದ ಮಧ್ಯರಾತ್ರಿಯವರೆಗೆ ಗಾಳ ಹಾಕುವುದನ್ನು ನಿಷೇಧಿಸುತ್ತಾರೆ. ಅಲ್ಲಿಯದು ತಣ್ಣೀರಿನ ಟ್ರೌಟ್. ಆ ವೇಳಾಪಟ್ಟಿಯನ್ನು ನಮ್ಮ ಹೊಳೆಗೆ ಹಾಗೆಯೇ ಅನ್ವಯಿಸಲಾಗದು. ಪಾಚಿ ಕಟ್ಟಿದ ನಿಂತ ಗುಂಡಿಯಲ್ಲಿ ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಆಮ್ಲಜನಕ ತೀರಾ ಕುಸಿಯುವುದು ನಸುಕಿನಲ್ಲಿ, ಅಂದರೆ ತಂಪು ಹೊತ್ತೆಂದು ನಾವು ಗಾಳ ಹಿಡಿದು ಹೊರಡುವ ಸಮಯದಲ್ಲಿ! ಗೆಂಡೆಗಳು ನೀರಿನ ಮೇಲ್ಮೈಗೆ ಬಾಯಿ ತೆರೆದು ನಿಂತಿದ್ದರೆ ಹಿಂದಿರುಗುವುದೇ ಲೇಸು. ಎಳೆದಾಡಿಸಿ ದಣಿಸಿದ ಗೆಂಡೆ ಬಿಟ್ಟಾಗ ಈಜಿ ಹೋದರೂ ಆಮೇಲೆ ಸಾಯಬಹುದು.

ಪ್ರಶ್ನೆ ಕೇಳಿದವರು:
ಹಾಗಾದರೆ ಏಪ್ರಿಲ್, ಮೇ ತಿಂಗಳಲ್ಲಿ ಕಲ್ಯಾಣಪುರದ ಕೆಳಗೆ, ಅಳಿವೆಯ ಕಡೆಗೆ ಹೋಗಬಹುದೇ?

ಉತ್ತರ (ಬಂಟ್ವಾಳ):
ಧಾರಾಳವಾಗಿ ಹೋಗಬಹುದು. ಅಲ್ಲಿ ಉಬ್ಬರ ಇಳಿತಕ್ಕೆ ನೀರು ದಿನವೂ ಬದಲಾಗುತ್ತದೆ.