10 ಇಂಚಿನ ಟ್ವಿಸ್ಟ್ ಇರುವ ನಳಿಗೆಗೆ 105 ಗ್ರೇನ್ ಗುಂಡು ಹೊಂದುತ್ತದೆಯೇ?

ಗೌರಿಬಿದನೂರು ಶೂಟರ್:
ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದವಳು ನಾನು. ಈಗ 300 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ಸ್ಪರ್ಧೆಗೆ ತಯಾರಾಗುತ್ತಿದ್ದೇನೆ. ಕ್ಲಬ್ಬಿನ ರೈಫಲ್ .243 ವಿಂಚೆಸ್ಟರ್. 90 ಗ್ರೇನ್ (ಸುಮಾರು 5.8 ಗ್ರಾಂ) ತೂಕದ ಗುಂಡಿನಲ್ಲಿ ರಂಧ್ರಗಳ ಗುಂಪು ಬಿಗಿಯಾಗಿಯೇ ಬೀಳುತ್ತಿತ್ತು. ಭಾರದ ಗುಂಡು ಗಾಳಿಗೆ ಕಡಿಮೆ ಸರಿಯುತ್ತದೆ ಎಂದು 105 ಗ್ರೇನ್ ಮ್ಯಾಚ್ (ಸ್ಪರ್ಧೆಯ) ಕಾಡತೂಸು ತರಿಸಿದೆವು. ಈಗ 100 ಮೀಟರಿನಲ್ಲೇ ಗುಂಪು ಚೆದುರುತ್ತಿದೆ, ಕೆಲವು ರಂಧ್ರಗಳು ಮೊಟ್ಟೆಯಾಕಾರದಲ್ಲಿವೆ. ಬೆಳಗಿನ ಚಳಿಯಲ್ಲಿ ಇದು ಹೆಚ್ಚು, ಮಧ್ಯಾಹ್ನ ಕಡಿಮೆ. ದೂರದರ್ಶಕವನ್ನು ಬಿಗಿ ಮಾಡಿ ನೋಡಿದ್ದಾಯಿತು. ನಳಿಗೆ ಸವೆದಿದೆಯೇ?

ತುಮಕೂರು ರೇಂಜ್:
ಗುಂಡಿನ ವೇಗ ಸಾಲದು ಅನಿಸುತ್ತದೆ. ಅದೇ ತೂಕದಲ್ಲಿ ಇನ್ನೂ ವೇಗದ ಕಾಡತೂಸು ಸಿಗುತ್ತದೆಯೇ ವಿಚಾರಿಸಿ.

ಕೋಲಾರದ ನಿವೃತ್ತ ಆರ್ಮರರ್:
ನೋಡಮ್ಮಾ, ರಂಧ್ರ ಮೊಟ್ಟೆಯಾಕಾರದಲ್ಲಿದೆ ಎಂದರೆ ಗುಂಡು ಮೂಗು ಮುಂದೆ ಮಾಡಿ ಹೋಗುತ್ತಿಲ್ಲ, ಓಲಾಡುತ್ತಾ ಹೋಗುತ್ತಿದೆ. ನಳಿಗೆಯನ್ನು ದೂರುವ ಮೊದಲು ಅದರ ಟ್ವಿಸ್ಟ್, ಅಂದರೆ ಒಳಗಿನ ಸುರುಳಿ ಗೆರೆಗಳು ಎಷ್ಟು ದೂರಕ್ಕೆ ಒಂದು ಸುತ್ತು ಹಾಕುತ್ತವೆ ಎಂಬುದನ್ನು ಅಳೆಯಿರಿ. ಬೋಲ್ಟ್ ತೆಗೆದು, ಕಾಡತೂಸು ಕೂರುವ ಚೇಂಬರ್ ಖಾಲಿ ಇರುವುದನ್ನು ಕಣ್ಣಾರೆ ನೋಡಿ. ಹಿಡಿ ಸಲೀಸಾಗಿ ತಿರುಗುವ ಸ್ವಚ್ಛತಾ ಸರಳಿಗೆ ಬಿಗಿಯಾದ ಬಟ್ಟೆ ಸುತ್ತಿ ಒಳಗೆ ತಳ್ಳಿ. ಸರಳಿನ ಮೇಲೆ ಗುರುತು ಹಾಕಿ, ಅದು ಒಂದು ಪೂರ್ತಿ ಸುತ್ತು ತಿರುಗುವಷ್ಟರಲ್ಲಿ ಎಷ್ಟು ಒಳಗೆ ಹೋಯಿತು ಎಂದು ಅಳೆಯಿರಿ. ಸುಮಾರು 25 ಸೆಂಟಿಮೀಟರ್ ಬಂದರೆ 10 ಇಂಚಿನ ಟ್ವಿಸ್ಟ್, 20 ಬಂದರೆ 8 ಇಂಚು. .243ಗೆ ಕಾರ್ಖಾನೆಯವರು ಸಾಮಾನ್ಯವಾಗಿ 10 ಇಂಚನ್ನೇ ಕೊಡುತ್ತಾರೆ.

ತುಮಕೂರಿನವರೇ, ವೇಗದಿಂದ ಇದು ಬಗೆಹರಿಯುವುದಿಲ್ಲ. ಗುಂಡು ಓಲಾಡದೆ ನೆಟ್ಟಗೆ ಹೋಗುವ ಸ್ಥಿರತೆ ವೇಗದ ಘನಮೂಲದಷ್ಟೇ ಏರುತ್ತದೆ. ವೇಗವನ್ನು ಶೇ 10 ಹೆಚ್ಚಿಸಿದರೂ ಸ್ಥಿರತೆಯಲ್ಲಿ ಸಿಗುವುದು ಶೇ 3ರಷ್ಟು. ಅದಕ್ಕಾಗಿ ಚೇಂಬರಿನ ಒತ್ತಡ ಏರಿಸುವುದು ಸರಿಯಲ್ಲ.

ಗೌರಿಬಿದನೂರು ಶೂಟರ್:
ಅಳೆದೆ ಸರ್. 25 ಸೆಂಟಿಮೀಟರಿಗಿಂತ ಒಂದು ಕೂದಲೆಳೆ ಹೆಚ್ಚು. ತಯಾರಕರ ಪಟ್ಟಿಯಲ್ಲಿ 105 ಗ್ರೇನ್ ಗುಂಡಿನ ಉದ್ದ 31 ಮಿಮೀ, 90 ಗ್ರೇನಿನದು 26 ಮಿಮೀ ಎಂದಿದೆ. ಬರೀ 15 ಗ್ರೇನ್ ತೂಕ ಹೆಚ್ಚಾದರೆ ಇಷ್ಟೊಂದು ವ್ಯತ್ಯಾಸವೇ?

ಕೋಲಾರದ ನಿವೃತ್ತ ಆರ್ಮರರ್:
ಉತ್ತರ ನಿಮ್ಮ ಅಳತೆಯಲ್ಲೇ ಇದೆ. ಟ್ವಿಸ್ಟನ್ನು ಕೇಳುವುದು ಗುಂಡಿನ ಉದ್ದ, ತೂಕವಲ್ಲ. ಗಾಳಿಯ ಒತ್ತಡ ಗುಂಡಿನ ಗುರುತ್ವಕೇಂದ್ರಕ್ಕಿಂತ ಮುಂದೆ ಬಿದ್ದು ಮೂಗನ್ನು ಮಗುಚಲು ನೋಡುತ್ತದೆ, ತಿರುಗುವಿಕೆ ಅದನ್ನು ತಡೆಯುತ್ತದೆ. ಗುಂಡು ಉದ್ದವಾದಷ್ಟೂ ಮಗುಚುವ ಬಲಕ್ಕೆ ಹಿಡಿತ ಸಿಗುತ್ತದೆ. ಮ್ಯಾಚ್ ಗುಂಡಿನಲ್ಲಿ ಚೂಪು ತುದಿ ಟೊಳ್ಳು, ಬಾಲ ಕಿರಿದು, ಹಾಗಾಗಿ ತೂಕಕ್ಕೆ ಹೋಲಿಸಿದರೆ ಉದ್ದ ಜಾಸ್ತಿ. ಹಳೆಯ .303ರ 174 ಗ್ರೇನ್ ಮಾರ್ಕ್ 7 ಗುಂಡಿನ ಮೂಗಿನೊಳಗೆ ಅಲ್ಯೂಮಿನಿಯಂ ತುಂಬುತ್ತಿದ್ದರು, ಅದೂ ಹೀಗೆಯೇ ಉದ್ದವಾಗಿತ್ತು. ಆ ರೈಫಲಿಗೆ 10 ಇಂಚಿನ ಎಡಸುತ್ತಿನ ಟ್ವಿಸ್ಟ್ ಸಾಕಾಗುತ್ತಿತ್ತು, ಏಕೆಂದರೆ ಅದರ ಕ್ಯಾಲಿಬರ್ (ಗುಂಡಿನ ವ್ಯಾಸ) ದೊಡ್ಡದು.

ಯಾವ ಗುಂಡಿಗೆ ಎಷ್ಟು ಟ್ವಿಸ್ಟ್ ಬೇಕೆಂದು 1879ರಲ್ಲಿ ಗ್ರೀನ್‌ಹಿಲ್ ಕೊಟ್ಟ ಸೂತ್ರ ಅಂದಾಜಿಗೆ ಸರಿ, ಮಿಲ್ಲರ್ ಸೂತ್ರ ಇನ್ನೂ ಹತ್ತಿರದ ಉತ್ತರ ಕೊಡುತ್ತದೆ. ನಿಮ್ಮ ಅಂಕಿಗಳನ್ನು ಮಿಲ್ಲರ್‌ಗೆ ಹಾಕಿದೆ. 31 ಮಿಮೀ, 105 ಗ್ರೇನ್, 10 ಇಂಚು: ಸ್ಥಿರತೆಯ ಅಂಕ 0.99. ಒಂದಕ್ಕಿಂತ ಕೆಳಗೆ ಬಂದರೆ ಗುಂಡು ಮಗುಚುತ್ತದೆ. ಮ್ಯಾಚ್ ಕೆಲಸಕ್ಕೆ 1.5 ಬೇಕು. ಅದೇ ಗುಂಡಿಗೆ 8 ಇಂಚಿನ ನಳಿಗೆಯಾದರೆ 1.54.

ಹಾಗಾದರೆ ಎಲ್ಲ ಗುಂಡುಗಳೂ ಏಕೆ ಮಗುಚಲಿಲ್ಲ? ಆ ಲೆಕ್ಕ ಸಮುದ್ರಮಟ್ಟದ, 15 ಡಿಗ್ರಿಯ ಗಾಳಿಗೆ. ನಮ್ಮ ಬಯಲುಸೀಮೆ ಎತ್ತರದಲ್ಲಿದೆ, ಚಿಕ್ಕಬಳ್ಳಾಪುರವೇ 900 ಮೀಟರ್ ಮೇಲಿದೆ. ಇಲ್ಲಿ 30 ಡಿಗ್ರಿಯ ಮಧ್ಯಾಹ್ನದಲ್ಲಿ ಗಾಳಿ ಅಷ್ಟು ತೆಳುವಾಗುವುದರಿಂದ ಅಂಕ ಸುಮಾರು 1.15ಕ್ಕೆ ಏರುತ್ತದೆ. ಬೆಳಗಿನ ಚಳಿಗೆ ಗಾಳಿ ದಟ್ಟವಾಗಿ ಮತ್ತೆ ಇಳಿಯುತ್ತದೆ. ಸವೆತಕ್ಕೆ ಹೊತ್ತು ಗೊತ್ತಿರುವುದಿಲ್ಲ, ಬೆಳಗ್ಗೆಯೂ ಮಧ್ಯಾಹ್ನವೂ ಅದು ಒಂದೇ. ನನಗೆ ಹೆದರಿಕೆ ಇರುವುದು ಇನ್ನೊಂದು ವಿಷಯದಲ್ಲಿ. ಇಲ್ಲಿ ಹೇಗೋ ನಿಭಾಯಿಸಿದ ಗುಂಡನ್ನು ಮಂಗಳೂರಿಗೋ ದೆಹಲಿಯ ಡಿಸೆಂಬರಿಗೋ ಕೊಂಡೊಯ್ದರೆ ಅದು ಪೂರ್ತಿ ಕೈಕೊಡುತ್ತದೆ. ಆಗ ನೀವು ನಿಮ್ಮ ಉಸಿರನ್ನೂ ಟ್ರಿಗರ್ ಬೆರಳನ್ನೂ ದೂಷಿಸಿಕೊಳ್ಳುತ್ತೀರಿ. ಕಷ್ಟಪಟ್ಟು ಅಭ್ಯಾಸ ಮಾಡಿದ ಹುಡುಗಿಗೆ ಹಾಗಾಗಬಾರದು.

ತುಮಕೂರು ರೇಂಜ್:
ಒಪ್ಪಿದೆ ಸರ್. ಆದರೆ 90ಕ್ಕೆ ಹಿಂದಿರುಗಿದರೆ ಗಾಳಿಯ ಗತಿ ಏನು?

ಕೋಲಾರದ ನಿವೃತ್ತ ಆರ್ಮರರ್:
26 ಮಿಮೀ ಉದ್ದದ 90 ಗ್ರೇನಿಗೆ ಇದೇ ನಳಿಗೆಯಲ್ಲಿ 1.4 ಬರುತ್ತದೆ, ನಮ್ಮ ಎತ್ತರದಲ್ಲಿ 1.5 ದಾಟುತ್ತದೆ. 300 ಮೀಟರ್ ಗುರಿಯ ಹತ್ತರ ವೃತ್ತ 100 ಮಿಮೀ ಅಗಲ. ಅಷ್ಟು ದೂರಕ್ಕೆ ನೆಟ್ಟಗೆ ಹೋಗುವ 90 ಗ್ರೇನ್ ಓಲಾಡುವ 105ಕ್ಕಿಂತ ಎಷ್ಟೋ ಮೇಲು. ಓಲಾಡುವ ಗುಂಡಿಗೆ ಗಾಳಿಯ ಎಳೆತವೂ ಹೆಚ್ಚು, ಹಾಗಾಗಿ ತೂಕದ ಲಾಭ ದಾರಿಯಲ್ಲೇ ಕರಗಿಹೋಗುತ್ತದೆ. ಈ ಋತುವಿಗೆ 90 ಇರಲಿ. ನಳಿಗೆ ಬದಲಿಸುವ ಕಾಲ ಬಂದಾಗ 8 ಇಂಚಿನದನ್ನೇ ಕೇಳಬೇಕೆಂದು ಕ್ಲಬ್ಬಿನ ಕಾರ್ಯದರ್ಶಿಗೆ ಈಗಲೇ ಬರೆದುಕೊಡಿ. ಉಳಿದ 105ರ ಪೆಟ್ಟಿಗೆಗಳು ಅಲ್ಲಿಯವರೆಗೆ ಬೀರುವಿನಲ್ಲೇ ಇರಲಿ, ಹಾಳಾಗುವುದಿಲ್ಲ.

ಗೌರಿಬಿದನೂರು ಶೂಟರ್:
ಪತ್ರ ಇವತ್ತೇ ಕೊಡುತ್ತೇನೆ ಸರ್. ಭಾನುವಾರ ಬೆಳಗಿನ ಚಳಿಯಲ್ಲಿ 90 ಗ್ರೇನ್ ಹೊಡೆದು ಗುರಿಹಾಳೆಯ ಫೋಟೋ ಇಲ್ಲಿ ಹಾಕುತ್ತೇನೆ.