ಪದಚರ್ಚೆ: ಕೊಲಾಗ್ರಾಫ್‌ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಒಂದು ಸಣ್ಣ ಚಿತ್ರಪ್ರದರ್ಶನ ಇದೆ, ಬೋರ್ಡು ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಕಲಾವಿದೆ ಮಾಡಿರುವುದು ಕೊಲಾಗ್ರಾಫ್. ಬೀದಿಯಲ್ಲಿ, ಅಡುಗೆಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ರಟ್ಟಿಗೆ ಅಂಟಿಸಿದ್ದಾರೆ: ಗೋಣಿಚೀಲದ ತುಂಡು, ಹಲಸಿನೆಲೆ, ಮಾತ್ರೆ ಖಾಲಿಯಾದ ಪಟ್ಟಿ, ಸವೆದ ಚಪ್ಪಲಿಯ ಅಟ್ಟೆ. ಅದಕ್ಕೆ ವಾರ್ನಿಷ್ ಬಳಿದು ಒಣಗಿಸಿ, ಶಾಯಿ ಹಚ್ಚಿ, ಮೇಲಿನದನ್ನು ಬಟ್ಟೆಯಲ್ಲಿ ಒರೆಸಿ, ಒದ್ದೆ ಕಾಗದ ಹಾಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಗೋಣಿಯ ಎಳೆ ಎಳೆಯೂ ಕಾಗದಕ್ಕೆ ಬರುತ್ತದೆ.

ಹೆಸರಿಟ್ಟದ್ದು ಅಮೆರಿಕದ ಗ್ಲೆನ್ ಆಲ್ಪ್ಸ್, 1950ರ ದಶಕದಲ್ಲಿ. ಗ್ರೀಕಿನ ‘ಕೊಲ್ಲ’ ಅಂದರೆ ಅಂಟು. ‘ಅಂಟುಮುದ್ರಣ’ ಅಂದರೆ ಅಂಟುರೋಗ ನೆನಪಾಗುತ್ತದೆ. ‘ಸಿಕ್ಕ ವಸ್ತುಗಳ ಮುದ್ರಣಕಲೆ’ ಸರಿಯಾ? ಫ್ಲೆಕ್ಸ್‌ನವರಿಗೆ ರಾತ್ರಿಯೊಳಗೆ ಕಳಿಸಬೇಕು.

*

‘ಸಿಕ್ಕ ವಸ್ತು’ ಪೊಲೀಸ್ ಠಾಣೆಯ ಭಾಷೆ. ಬಿಡಿ. ಅಚ್ಚು ಇರುವಾಗ ಮುದ್ರಣ ಯಾಕೆ? ಕಲ್ಲಿನ ಮೇಲೆ ಬರೆದು ಒತ್ತುವ ಲಿಥೋಗೆ ಕಲ್ಲಚ್ಚು ಅಂದಿದ್ದೇವೆ. 1843ರ ‘ಮಂಗಳೂರ ಸಮಾಚಾರ’ ಬಂದದ್ದೇ ಕಲ್ಲಚ್ಚಿನಲ್ಲಿ. ಇದು ರಟ್ಟಚ್ಚು. ಮುಗೀತು.

*

ಮುಗಿದಿಲ್ಲ. ಅಚ್ಚು ಬಂದದ್ದು ಸಂಸ್ಕೃತದ ಅಕ್ಷದಿಂದ. ತತ್ಸಮ ಮೈಲಿಗೆ, ತದ್ಭವ ಮಡಿ. ಇದು ಯಾವ ನ್ಯಾಯ ಸ್ವಾಮಿ?

*

ಅಕ್ಷದಿಂದ ಬಂದದ್ದು ಗಾಡಿಯ ಅಚ್ಚು. ಅಚ್ಚುಬೆಲ್ಲದ ಅಚ್ಚು ಬೇರೆ, ಅದು ತಮಿಳು, ತೆಲುಗು, ಮಲಯಾಳದಲ್ಲೂ ಇದೆ. ನಿಘಂಟು ತೆರೆದು ನೋಡಿ, ಆಮೇಲೆ ಬರೆಯಿರಿ.

ಆದರೆ ಒಂದು ತೊಡಕಿದೆ. ಬೆಲ್ಲ ಹೊಯ್ಯುವ ಮರವೂ ಅಚ್ಚು, ಕಾಗದದ ಮೇಲೆ ಮೂಡಿದ್ದೂ ಅಚ್ಚು. ಪ್ರದರ್ಶನದಲ್ಲಿ ರಟ್ಟನ್ನೂ ಇಡ್ತಾರಾ, ಕಾಗದ ಮಾತ್ರನಾ? ರಟ್ಟೂ ಇದ್ದರೆ ಅದು ‘ರಟ್ಟಚ್ಚು’, ಕಾಗದದ್ದು ‘ರಟ್ಟಚ್ಚಿನ ಚಿತ್ರ’ ಅಂತ ಬೇರೆ ಮಾಡಿ.

*

ನಮ್ಮ ಧಾರವಾಡದ ಕಡೆ ಛಾಪಾ ಅಂತೀವಿ. ಛಾಪಾಖಾನೆ, ಛಾಪಾ ಕಾಗದ. ಅದನ್ಯಾಕೆ ಯಾರೂ ಹೇಳ್ತಿಲ್ಲ?

*

ಮರಾಠಿ, ಹಿಂದಿಯ ಎಂಜಲು ಬೇಡ ಅಂತ.

*

ಹಾಗಾದರೆ ಶಾಯಿ, ಕಾಗದ ಎರಡನ್ನೂ ಪರ್ಷಿಯಾಕ್ಕೆ ವಾಪಸ್ ಕಳಿಸಿ. ಬರೀ ಗೋಣಿ ನೇತುಹಾಕಿ.

*

ಜಗಳ ಆಮೇಲೆ ಮಾಡಿ. ಬೋರ್ಡು ಶಿರಸಿಯದಲ್ವಾ? ದೀಪಾವಳಿಗೆ ಅಲ್ಲಿ ಅಕ್ಕಿ ಅಳೆಯುವ ಸಿದ್ದೆಯನ್ನು ಶೇಡಿಗೋ (ಬಿಳಿ ಮಣ್ಣು) ಕೆಮ್ಮಣ್ಣಿಗೋ ಅದ್ದಿ ದನದ ಮೈಮೇಲೆ ದುಂಡಗೆ ಒತ್ತುತ್ತಾರೆ. ಮನೆಯ ಸಾಮಾನಿನಿಂದಲೇ ಅಚ್ಚು. ಆ ಊರಿನವರಿಗೆ ‘ಒತ್ತು’ ಅಂದರೆ ಸಾಕು, ‘ವಸ್ತು’ ‘ಕಲೆ’ ಸೇರಿಸಿ ಸುಮ್ನೆ ಉದ್ದ ಮಾಡಬೇಡಿ.

*

ರಟ್ಟೂ ಇಡ್ತಾರೆ, ಒಂದೇ ಒಂದು, ಚಪ್ಪಲಿಯದ್ದು. ‘ರಟ್ಟಚ್ಚಿನ ಚಿತ್ರಗಳು’ ಅಂತ ದಪ್ಪಕ್ಷರದಲ್ಲಿ, ಕೆಳಗೆ ‘ಗೋಣಿ, ಎಲೆ, ಚಪ್ಪಲಿ ಒತ್ತಿ ಮೂಡಿಸಿದ್ದು’ ಅಂತ ಸಣ್ಣದಾಗಿ ಕಳಿಸಿದೆ. ಎಲ್ಲರಿಗೂ ಥ್ಯಾಂಕ್ಸ್.

*

ಥ್ಯಾಂಕ್ಸ್ ಯಾಕೆ? ನನ್ನಿ ಅನ್ನಿ.

*

ನನ್ನಿ ಅಂದರೆ ಸತ್ಯ. ಹಳಗನ್ನಡ ಓದಿ.